ಬಾಗಿಲಿಗೆ ಬಂದವಳು ಮತ್ತು ನಮ್ಮ ದೊಡ್ಡಮ್ಮ

ನಮ್ಮ ದೊಡ್ಡಮ್ಮನ ಪ್ರಕಾರ ಈ ನಾಡಿನಲ್ಲಿ ಕಾದಂಬರಿ ಬರೆಯುವವರು, ಆರ್ಕೆಸ್ಟ್ರಾದಲ್ಲಿ ಹಾಡುವವರು, ಸಂಜೆಯಾದರೆ ಟೀವಿಯಲ್ಲಿ ಅಳುವವರು, ಎಲ್ಲರೂ ನಮ್ಮ ದಾಯಾದಿಗಳು! ನಗಬೇಡಿ. ನಕ್ಕವರನ್ನು ಆಕೆ ಜಗಳವಾಡಿ ಕಳಿಸುವುದಿಲ್ಲ. ಎಲೆ ಹಾಕಿ ಊಟಕ್ಕೆ ಕೂರಿಸುತ್ತಾಳೆ. ಮುದ್ದೆ ಮುರಿದು ಬಾಯಿಗಿಟ್ಟ ಮೇಲೆ ಎದ್ದು ಓಡಲಂತೂ ಆಗುವುದಿಲ್ಲವಲ್ಲ, ಆಗ ಎದುರು ಕೂತು ತನ್ನ ವಾದ ಶುರು ಮಾಡುತ್ತಾಳೆ. ಎರಡನೇ ಮುದ್ದೆಯ ಹೊತ್ತಿಗೆ ನೀವೂ ಒಪ್ಪಿಕೊಂಡಿರುತ್ತೀರಿ. ನಾನು ಹಾಗೆ ಒಪ್ಪಿಕೊಂಡು ಕೆಟ್ಟವನು.

ಆಕೆ ನಮ್ಮಮ್ಮನ ಅಕ್ಕ. ಎಪ್ಪತ್ತು ದಾಟಿದೆ. ಇರುವುದು ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆಯಲ್ಲಿ. ಸೋಬಾನೆ ಪದ ಹೇಳುವುದರಲ್ಲಿ ಸುತ್ತೂರಿಗೆಲ್ಲ ಎತ್ತಿದ ಕೈ. ಅರಿಶಿನ ಕುಟ್ಟುವುದಕ್ಕೊಂದು, ಚಪ್ಪರಕ್ಕೊಂದು, ಹಸೆಗೆ ಕರೆಯುವುದಕ್ಕೊಂದು ಎಂದು ಆಕೆಯ ಬಾಯಲ್ಲಿ ಪದಗಳು ಎಷ್ಟಿವೆಯೋ ಆಕೆಗೇ ಗೊತ್ತಿಲ್ಲ. ಸೋಬಾನೆ ಪದಗಳಿಗೆ ಪುಸ್ತಕದ ಹಾಗೆ ಶೀರ್ಷಿಕೆ ಇರುವುದಿಲ್ಲ, ಮೊದಲ ಮಾತೇ ಅದರ ಹೆಸರು. ಆಕೆಯ ಇಷ್ಟೆಲ್ಲ ಪದಗಳಲ್ಲಿ ಒಂದೇ ಒಂದು ಮಾತ್ರ ಅರ್ಧ. ಅದರ ಹೆಸರು ‘ಬಾಗಿಲಿಗೆ ಬಂದವಳು’. ಮದುವೆಯೆಲ್ಲ ಮುಗಿದು ಹುಡುಗಿಯನ್ನು ಗಂಡಿನ ಕಡೆಯವರ ಕೈಗೆ ಒಪ್ಪಿಸುವಾಗ ಹೇಳುವ ಪದ ಅದು:

ಬಾಗಿಲಿಗೆ ಬಂದವಳು ಬಾಲೆ ಕಾಣಿರಿ ಬೀಗ್ರೆ
ಬೈದರೆ ಬಾಡ್ಯಾಳು ಬಳ್ಳಿಯಂಗೆ
ಹಾಲು ಉಕ್ಕಿಸಿಯಾಳು ಅನ್ನ ಸೀಯಿಸಿಯಾಳು
ಹೇಳಿಕೊಡಿರವ್ವ ಮಗಳಂಗೆ

ಇಲ್ಲಿಗೆ ನಿಂತುಹೋಗುತ್ತದೆ. ರಾಗವೂ ಮೇಲೆ ಹತ್ತಿ ಅಲ್ಲೇ ನಿಲ್ಲುತ್ತದೆ, ಕೆಳಗೆ ಇಳಿಯುವುದಿಲ್ಲ. ದೊಡ್ಡಮ್ಮ ಈ ಪದವನ್ನು ಕೇಳಿದ್ದು ಒಂದೇ ಸಲ, ತನ್ನ ಮದುವೆಯಲ್ಲಿ, ತನ್ನ ತಾಯಿಯ ಬಾಯಲ್ಲಿ. ಅವಳ ತವರು ಹರದನಹಳ್ಳಿಯ ಮನೆ ಮುಂದಿನ ಚಪ್ಪರದಲ್ಲಿ ನಮ್ಮಜ್ಜಿ ಇಷ್ಟು ಹೇಳಿದವಳು ತಟಕ್ಕನೆ ನಿಲ್ಲಿಸಿ ಸುಮ್ಮನೆ ನೋಡುತ್ತಾ ನಿಂತುಬಿಟ್ಟಳಂತೆ. “ಅವ್ವುಂಗೆ ಅಳು ಬಂದ್ಬುಡ್ತು ಕಣ್ಲಾ, ಮಿಕ್ಕಿದ್ದು ಮರ್ತೋಯ್ತು” ಎಂದು ದೊಡ್ಡಮ್ಮ ಹೇಳುತ್ತಾಳೆ. ಆಮೇಲೆ ಅಜ್ಜಿ ಆ ಪದವನ್ನು ಎತ್ತಲೇ ಇಲ್ಲ. ನಮ್ಮಮ್ಮನ ಮದುವೆಯ ಹೊತ್ತಿಗೆ ಹಾಡುವುದನ್ನೇ ಬಿಟ್ಟಿದ್ದಳು. ಈಗ ಅಜ್ಜಿಯೂ ಇಲ್ಲ, ನಮ್ಮಮ್ಮನೂ ಇಲ್ಲ.

ಹೀಗಿರುವಾಗ ನನ್ನ ಮಗಳಿಗೆ ನುಗ್ಗೇಹಳ್ಳಿಯ ಹುಡುಗನ ಜೊತೆ ಮದುವೆ ನಿಶ್ಚಯವಾಯಿತು. ಸುದ್ದಿ ಹೇಳಲು ಹಳೇಕೋಟೆಗೆ ಹೋದೆ. ದೊಡ್ಡಮ್ಮ ಸಕ್ಕರೆ ಬಾಯಿಗೆ ಹಾಕಿಕೊಂಡು, “ಶಾನೆ ಸಂತೋಸ ಕಣ್ಲಾ. ಆದ್ರೆ ಒಂದು ಮಾತು. ಆ ಪದ ಪೂರ್ತಿ ಏಳ್ದೆ ನಾನು ಕೂಸ್ನ ಬೀಗ್ರ ಕೈಗೆ ಕೊಡಾಕಿಲ್ಲ” ಎಂದಳು. ಸಂತೋಷದಲ್ಲಿ ಜನ ಏನೇನೋ ಹೇಳುತ್ತಾರಲ್ಲ, ಇದೂ ಅಂಥದ್ದೇ ಎಂದುಕೊಂಡೆ. ಆದರೆ ದೊಡ್ಡಮ್ಮ ಸುಮ್ಮನೆ ಹೇಳಿದ ಮಾತು ಇದುವರೆಗೆ ಒಂದಾದರೂ ಇದೆಯೇ? ಹಿಂದೊಮ್ಮೆ “ಈ ಕಡೆ ಬಸ್ಸು ಬರೋಗಂಟ ನಾನು ಬಸ್ಸು ಅತ್ತಾಕಿಲ್ಲ” ಎಂದವಳು, ಬಸ್ಸು ಬರುವವರೆಗೂ ನೆಂಟರ ಮನೆಗಳಿಗೆಲ್ಲ ನಡೆದೇ ಹೋದವಳು!

ಒಂದು ವಾರವೂ ಆಗಿರಲಿಲ್ಲ. ಹಾಸನದಲ್ಲಿ ನನ್ನದೊಂದು ಪಂಪ್‌ಸೆಟ್ ಅಂಗಡಿ ಇದೆ. ಗಿರಾಕಿಯೊಬ್ಬರಿಗೆ ಮೋಟಾರು ತೋರಿಸುತ್ತಿದ್ದೆ, ಫೋನು ಬಂತು.

“ಲೇ, ಸಿಕ್ತು ಕಣ್ಲಾ! ನಮ್ಮ ಪದ ಟೀವಿನಾಗೆ ಬತ್ತಾ ಅದೆ!”

ಯಾವುದೋ ಚಾನೆಲ್ಲಿನಲ್ಲಿ ಹೊಸ ಧಾರಾವಾಹಿ ಶುರುವಾಗಿತ್ತು. ಅದರ ಹೆಸರು ‘ಬಾಗಿಲಿಗೆ ಬಂದವಳು’. ನಾನು, “ದೊಡ್ಡಮ್ಮ, ಹೆಸರು ಒಂದೇ ಇರಬಹುದು, ಅದು ಬೇರೆ ಕತೆ” ಎಂದೆ.

“ಒಂದೇ ಎಸರು ಅಂದ್ಮೇಕೆ ಬ್ಯಾರೆ ಎಂಗಾಗ್ತದೆ? ನಮ್ಮ ಮನೆ ಎಸರು ಇಟ್ಕಂಡಿರೋರೆಲ್ಲ ನಮ್ಗೆ ಏನಾಗ್ಬೇಕು?”

“ಅಣ್ಣತಮ್ಮಂದಿರಾಗಬೇಕು.”

“ಅಂಗೇ ಇದೂವೆ. ಯಾವ್ದೋ ಕಾಲದಾಗೆ ಪದ ಪಾಲಾಗದೆ. ನಮ್ಮ ಪಾಲಿಗೆ ಮೊದ್ಲರ್ಧ ಬಂತು, ಕೊನೇ ಅರ್ಧ ಅವರತ್ರ ಉಳ್ಕಂತು.”

ಆಸ್ತಿ ಭಾಗವಾಗುವುದನ್ನು ಕೇಳಿದ್ದೇನೆ. ಪದ ಭಾಗವಾಗುವುದನ್ನು ಕೇಳಿದ್ದು ಅವತ್ತೇ. ಆದರೆ ನಮ್ಮ ಕಡೆ ಇದಕ್ಕೆ ಎದುರು ಹೇಳಲು ಬರುವುದಿಲ್ಲ ನೋಡಿ. ಹೆಸರು ಕೂಡಿತೆಂದರೆ ಸಂಬಂಧ ಕೂಡಿತು ಎಂದೇ ಲೆಕ್ಕ.

ಅಂದಿನಿಂದ ದೊಡ್ಡಮ್ಮ ಆ ಧಾರಾವಾಹಿಯ ಮುಂದೆ ಕಾವಲು ಕೂತಳು. ಪಾಪ, ನಮ್ಮ ದೊಡ್ಡಪ್ಪನಿಗೆ ಆ ಹೊತ್ತಿನಲ್ಲಿ ಬರುವ ವಾರ್ತೆ ತಪ್ಪಿಹೋಯಿತು. ದೊಡ್ಡಪ್ಪ ಮಾತು ಕಡಿಮೆಯ ಮನುಷ್ಯ. ಮನೆಯಲ್ಲಿ ಮಾತಾಡುವ ಕೆಲಸವನ್ನು ಮದುವೆಯಾದ ದಿನವೇ ಹೆಂಡತಿಗೆ ವಹಿಸಿಕೊಟ್ಟು ನಿಶ್ಚಿಂತೆಯಾಗಿರುವವರು. ಅವರು ಜಗಲಿಯಲ್ಲಿ ಕೂತು ಬೀದಿ ನೋಡತೊಡಗಿದರು.

ಧಾರಾವಾಹಿಯಲ್ಲಿ ಏನಾಗುತ್ತಿತ್ತು ಅಂದಿರಾ? ಏನೂ ಆಗುತ್ತಿರಲಿಲ್ಲ! ಮದುವೆಯಾಗಿ ಬಂದ ಹುಡುಗಿ ಗಂಡನ ಮನೆಯ ಬಾಗಿಲಲ್ಲಿ ನಿಂತಿದ್ದಾಳೆ. ಅತ್ತೆ ಒಳಗೆ ಬಿಡುತ್ತಿಲ್ಲ. ಸೋಮವಾರ ನಿಂತಿದ್ದಳು, ಶುಕ್ರವಾರವೂ ನಿಂತಿದ್ದಳು, ಮುಂದಿನ ವಾರ ಮಳೆ ಬಂತು, ನೆನೆಯುತ್ತಾ ನಿಂತಿದ್ದಳು. ಅತ್ತೆಯ ಮುಖವನ್ನು ಮಾತ್ರ ಎಡದಿಂದ, ಬಲದಿಂದ, ಮೇಲಿನಿಂದ ತೋರಿಸುತ್ತಿದ್ದರು. ದೊಡ್ಡಮ್ಮನ ತಾಳ್ಮೆ ಕೆಟ್ಟಿತು. “ಒಳಕ್ಕೆ ಕರೀದೆ ಪದ ಎಂಗೆ ಏಳ್ತಾರೆ? ಆ ಮಗೀಗೆ ನೆಗಡಿ ಆಯ್ತದೆ. ಇದ್ನ ಬರ್ಯೋನು ಎಲ್ಲವ್ನೆ ಕೇಳು!”

ಕೇಳಿದೆ. ನನ್ನ ದುರದೃಷ್ಟಕ್ಕೆ ಸಂಭಾಷಣೆ ಬರೆಯುವವನ ತಾಯಿ ಮನೆ ಹಾಸನದಲ್ಲೇ ಇತ್ತು. ಅವನು ಭಾನುವಾರ ಅಲ್ಲಿಗೆ ಬಂದಿದ್ದಾಗ ದೊಡ್ಡಮ್ಮನನ್ನು ಕರೆದುಕೊಂಡು ಹೋದೆ. ಬರಿಗೈಲಿ ಹೋಗಬಾರದೆಂದು ಆಕೆ ಒಂದು ಚೀಲ ಅವರೆಕಾಯಿ ಬೇರೆ ತಂದಿದ್ದಳು. ಅವನ ತಾಯಿ ಕಾಫಿ ಕೊಟ್ಟರು. ದೊಡ್ಡಮ್ಮ ನಾಲ್ಕು ಸಾಲು ಹೇಳಿ, “ಈಗ ನಿಮ್ಮ ಪಾಲಿಂದು ಏಳಪ್ಪ” ಎಂದಳು. ಅವನು ತಬ್ಬಿಬ್ಬಾಗಿ ನನ್ನ ಮುಖ ನೋಡಿದ.

“ಅಜ್ಜಿ, ಹೆಸರು ಇಟ್ಟಿದ್ದು ನಾನಲ್ಲ. ಚಾನೆಲ್‌ನವರು ಕೊಟ್ಟರು, ನಾನು ಮಾತು ಬರೀತೀನಿ ಅಷ್ಟೇ.”

“ಎಸರು ಕೊಟ್ಟೋರು ಪದ ಕೊಡ್ನಿಲ್ವಾ? ಸಂಬಂಧ ಬೆಳೆಸೋವಾಗ ಪೂರ್ತಿ ಇಚಾರುಸ್ಬೇಕಲ್ವೇನಪ್ಪಾ?”

ಅವನಿಗೆ ಗೊತ್ತಿಲ್ಲವೆಂದು ಖಾತ್ರಿಯಾದ ಮೇಲೆ ದೊಡ್ಡಮ್ಮ ಎದ್ದಳು. ಬಾಗಿಲ ತನಕ ಹೋದವಳು ತಿರುಗಿ, “ಪದ ಇಲ್ದಿದ್ರೆ ಓಗ್ಲಿ, ಆ ಎಣ್ಣು ಮಗೀನ ಒಳಕ್ಕಾದ್ರೂ ಕರ್ಸು. ನಿನ್ನ ತಾಯಿ ಅಂಗೆ ನಿಂತಿದ್ರೆ ಸುಮ್ಕಿರ್ತಿದ್ಯಾ?” ಎಂದಳು. ನೀವು ನಂಬುತ್ತೀರೋ ಇಲ್ಲವೋ, ಮುಂದಿನ ತಿಂಗಳು ಆ ಸೊಸೆ ಹೊಸಿಲು ದಾಟಿದಳು! ದೊಡ್ಡಮ್ಮ ಆ ಸಂಜೆ ಮನೆಯಲ್ಲಿ ಕಜ್ಜಾಯ ಮಾಡಿದಳಂತೆ. ಪದ ಮಾತ್ರ ಸಿಗಲಿಲ್ಲ.

ಸೋತಳೇ? ಎಲ್ಲಿಯ ಸೋಲು! ಆ ಹೆಸರಿನವರು ಇನ್ನೂ ಯಾರ್ಯಾರಿದ್ದಾರೆ ಹುಡುಕು ಎಂದು ನನಗೆ ಅಪ್ಪಣೆಯಾಯಿತು. ಮದುವೆಗೆ ಛತ್ರ ಹಿಡಿಯಬೇಕು, ಅಡುಗೆಯವರನ್ನು ನೋಡಬೇಕು, ಕಾರ್ಡು ಹಂಚಬೇಕು. ನಾನು ಮಾತ್ರ ಅಂಗಡಿಯಲ್ಲಿ ಕೂತು ಫೋನಿನಲ್ಲಿ ‘ಬಾಗಿಲಿಗೆ ಬಂದವಳು’ ಎಂದು ಹುಡುಕುತ್ತಿದ್ದೆ. ನನ್ನ ಹೆಂಡತಿ ಒಂದು ದಿನ ಹಿಂದೆ ನಿಂತು ನೋಡಿ, “ಯಾರ್ರೀ ಅವಳು?” ಎಂದಳು. ಅವಳಿಗೆ ಎಲ್ಲ ವಿವರಿಸುವ ಹೊತ್ತಿಗೆ ಆ ಹೆಸರಿನದೇ ಒಂದು ಕಾದಂಬರಿ ಸಿಕ್ಕಿತು. ಬರೆದವರು ಚನ್ನರಾಯಪಟ್ಟಣದ ನಿವೃತ್ತ ಹೆಡ್‌ಮಾಸ್ಟರು.

ಪುಸ್ತಕ ತರಿಸಿ ಹಳೇಕೋಟೆಯ ಜಗಲಿಯಲ್ಲಿ ಕೂತು ನಾನೇ ಓದಿ ಹೇಳಬೇಕಾಯಿತು. ಅದು ದೆವ್ವದ ಕಾದಂಬರಿ! ಮೊದಲ ಅಧ್ಯಾಯದಲ್ಲೇ ಬಾಗಿಲಿಗೆ ಬಂದವಳಿಗೆ ಪಾದಗಳಿಲ್ಲ. ದೊಡ್ಡಪ್ಪ ಮೆಲ್ಲನೆ ಕುರ್ಚಿಯನ್ನು ನಮ್ಮ ಹತ್ತಿರಕ್ಕೆ ಎಳೆದುಕೊಂಡರು. ದೊಡ್ಡಮ್ಮನಿಗೆ ಹೆದರಿಕೆಯಲ್ಲ, ಅನುಮಾನ.

“ಪಾದ ಇಲ್ದೋಳು ಒಸಿಲ ಮ್ಯಾಲಿನ ಅಕ್ಕಿ ಸೇರು ಎಂಗೆ ಒದೀತಾಳ್ಲಾ?”

“ದೊಡ್ಡಮ್ಮ, ಅವಳು ಸೊಸೆಯಲ್ಲ, ದೆವ್ವ.”

“ದೆವ್ವ ಆಗೋಕೆ ಮುಂಚೆ ಯಾರ್ದೋ ಸೊಸೆನೇ ತಾನೆ? ಓದು, ಮುಂದುಕ್ಕೆ ಪದ ಬಂದಾತು.”

ಬರಲಿಲ್ಲ. ಕೊನೆಯ ಪುಟದಲ್ಲಿ ದೆವ್ವ ಹೊಗೆಯಾಗಿ ಹೋಯಿತು. ಹಾಗಿದ್ದರೂ ಬರೆದವರನ್ನೇ ಕೇಳೋಣವೆಂದು ಚನ್ನರಾಯಪಟ್ಟಣಕ್ಕೆ ಹೊರಟೆವು. ತಮ್ಮ ಕಾದಂಬರಿಯನ್ನು ಪೂರ್ತಿ ಓದಿದವರು ಮನೆ ಹುಡುಕಿಕೊಂಡು ಬಂದದ್ದು ಮೇಷ್ಟ್ರಿಗೆ ಅದೇ ಮೊದಲು ಅಂತ ಕಾಣುತ್ತದೆ, ಕಣ್ಣಲ್ಲಿ ನೀರೇ ಬಂತು. ಅವರಿಗೆ ಪದ ಗೊತ್ತಿರಲಿಲ್ಲ. “ಆದರೆ ತಾಯೀ, ಚಿಂತೆ ಬೇಡ, ನಾನೇ ರಚಿಸಿಕೊಡುತ್ತೇನೆ” ಎಂದು ಒಳಗೆ ಹೋದರು. ನಾವು ಎರಡು ಸಲ ಕಾಫಿ ಕುಡಿಯುವಷ್ಟರಲ್ಲಿ ‘ಎಲೈ ಲಲನಾಮಣಿ, ಶ್ವಶುರಗೃಹದ್ವಾರದೊಳ್’ ಎಂದು ಶುರುವಾಗುವ ನಾಲ್ಕು ಸಾಲು ಬರೆದು ತಂದು ರಾಗವಾಗಿ ಓದಿದರು. ದೊಡ್ಡಮ್ಮ ಭಕ್ತಿಯಿಂದ ಕೈ ಮುಗಿದಳು. ಕಾರಿಗೆ ಹತ್ತಿದ ಮೇಲೆ, “ಪಾಪ, ಒಳ್ಳೆ ಮನ್ಸ. ಆದ್ರೆ ಇದ್ನ ಏಳುದ್ರೆ ಬೀಗ್ರು ಮಂತ್ರ ಅಂದ್ಕಂಡು ಅಕ್ಸತೆ ಆಕ್ಬುಡ್ತಾರೆ” ಎಂದಳು.

ಮೂರನೆಯವನು ಅರಕಲಗೂಡಿನ ಹುಡುಗ. ಶಾಮಿಯಾನ, ಮೈಕ್‌ಸೆಟ್ಟಿನ ಅಂಗಡಿ ಇಟ್ಟುಕೊಂಡು ಆರ್ಕೆಸ್ಟ್ರಾ ನಡೆಸುತ್ತಿದ್ದ. ಅವನು ಹಾಡಿ ಫೋನಿನಲ್ಲಿ ಹರಿಬಿಟ್ಟ ಹಾಡಿನ ಹೆಸರೂ ‘ಬಾಗಿಲಿಗೆ ಬಂದವಳು’. ಅವನ ಹಾಡಿನವಳು ಬಾಗಿಲಿಗೆ ಬಂದು, ಬೆಲ್ ಒತ್ತಿ, ಕಣ್ಣು ಹೊಡೆದು ಸ್ಕೂಟರ್ ಹತ್ತಿ ಹೋಗಿಬಿಡುತ್ತಾಳೆ. ಇವಳಂತೂ ಸೊಸೆಯಾಗುವ ಯೋಚನೆಯಲ್ಲೇ ಇರಲಿಲ್ಲ! ದೊಡ್ಡಮ್ಮ ಅವನ ಅಂಗಡಿಯಲ್ಲಿ ಡ್ರಮ್ಮುಗಳ ನಡುವೆ ಕೂತು ಹಾಡು ಪೂರ್ತಿ ಕೇಳಿ, “ಆ ದಬದಬ ನಿಲ್ಸು ಮಗ, ನಾನು ಏಳ್ತೀನಿ ಕೇಳು” ಎಂದು ತನ್ನ ನಾಲ್ಕು ಸಾಲು ಹೇಳಿದಳು.

ಹುಡುಗ ಕೀಬೋರ್ಡಿನಲ್ಲಿ ಆಕೆ ನಿಲ್ಲಿಸಿದ ಸ್ವರವನ್ನೇ ಒತ್ತಿ, “ಅಜ್ಜಿ, ಇದು ಮುಗ್ದಿಲ್ಲ. ಯಾರ್ನೋ ಏನೋ ಕೇಳಿ ನಿಂತಂಗದೆ” ಎಂದ.

“ನಾನೇಳ್ಲಿಲ್ವಾ!” ಎಂದು ದೊಡ್ಡಮ್ಮ ನನ್ನ ತೊಡೆಗೆ ಬಾರಿಸಿದಳು. ಅವನು ಮದುವೆಗೆ ಮೈಕ್‌ಸೆಟ್ ತಾನೇ ಹಾಕುತ್ತೇನೆಂದ. ದೊಡ್ಡಮ್ಮ ಒಪ್ಪಿದಳು, ತಾನು ಪದ ಹೇಳುವಾಗ ಅದನ್ನು ಆರಿಸಬೇಕೆಂಬ ಷರತ್ತಿನ ಮೇಲೆ.

ಮದುವೆ ಹತ್ತಿರ ಬಂತು. ಒಂದು ದಿನ ನನ್ನ ಹೆಂಡತಿ ದೊಡ್ಡಮ್ಮನ ಮುಂದೆಯೇ, “ನುಗ್ಗೇಹಳ್ಳಿಯ ಬೀಗರ ಮನೆಯಲ್ಲಿ ಹುಡುಗನ ಅಜ್ಜಿ ಇದ್ದಾರಲ್ಲ, ಅವರಿಗೂ ಪದ ಬರುತ್ತದಂತೆ. ಅವರನ್ನೇ ಕೇಳಬಾರದಾ?” ಎಂದಳು. ಒಳ್ಳೆಯ ಮಾತೇ. ಆದರೆ ದೊಡ್ಡಮ್ಮನ ಮುಖ ನೋಡಬೇಕಿತ್ತು!

“ಏನು? ಎಣ್ಣು ಕೊಡೋರು ನಾವು, ನಮ್ಮ ಪದ ಅರ್ಧಂಬರ್ಧ ಅಂತ ಬೀಗ್ರ ಮುಂದೆ ಬಾಯಿ ಬಿಡೋದಾ? ನಾಳೀಕೆ ಕೂಸ್ನ ಆಡ್ಕಳಾಕಿಲ್ವಾ? ಇಡೀ ಜಿಲ್ಲೆ ಕೇಳ್ತೀನಿ, ಬೀಗ್ರುನ್ನ ಮಾತ್ರ ಕೇಳಾಕಿಲ್ಲ!”

ಬೀಗರ ಮುಂದೆ ಕಡಿಮೆಯಾಗಬಾರದು ಎಂಬುದು ನಮ್ಮ ಜನರ ಹಟ. ಅದನ್ನು ಮೀರಿದವರನ್ನು ನಾನು ಕಂಡಿಲ್ಲ. ಸ್ವತಃ ನಾನೇ ಬೀಗರು ಬರುವ ದಿನ ಅಂಗಡಿಯ ಹಳೆಯ ಬೋರ್ಡು ಬದಲಾಯಿಸಿದವನು. ಮಾತು ಅಲ್ಲಿಗೇ ನಿಂತಿತು.

ಮದುವೆ ಹೊಳೆನರಸೀಪುರದ ಛತ್ರದಲ್ಲಿ. ಧಾರೆ, ಊಟ ಎಲ್ಲ ಚೆನ್ನಾಗಿಯೇ ಆಯಿತು. ಮಧ್ಯಾಹ್ನ ಹೆಣ್ಣೊಪ್ಪಿಸುವ ಶಾಸ್ತ್ರಕ್ಕೆ ಎಲ್ಲರೂ ಸೇರಿದರು. ಒಂದು ಕಡೆ ನಾವು, ಇನ್ನೊಂದು ಕಡೆ ನುಗ್ಗೇಹಳ್ಳಿಯವರು, ನಡುವೆ ಹಸೆಯ ಮೇಲೆ ನನ್ನ ಮಗಳು, ಮಡಿಲಲ್ಲಿ ಅಕ್ಕಿ. ಅರಕಲಗೂಡಿನ ಹುಡುಗ ಮೈಕು ಆರಿಸಿದ. ಆಗ ದೊಡ್ಡಮ್ಮ ನನ್ನ ಕಿವಿಯಲ್ಲಿ, “ಪದ ಸಿಕ್ನಿಲ್ವಲ್ಲೋ ಮಗ” ಎಂದಳು. ಅಷ್ಟು ಮೆಲ್ಲಗೆ ಆಕೆ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಮಗಳು ಹೊರಡುತ್ತಿದ್ದಾಳೆ, ಇತ್ತ ಈ ಮುದುಕಿ ಇಷ್ಟೆಲ್ಲ ತಿರುಗಿಯೂ ಬರಿಗೈಲಿ ನಿಂತಿದ್ದಾಳೆ. “ಇರುವಷ್ಟೇ ಹೇಳು ದೊಡ್ಡಮ್ಮ” ಎಂದೆ.

ಆಕೆ ನನ್ನ ಮಗಳ ಕೈ ಹಿಡಿದುಕೊಂಡು ಪದ ಎತ್ತಿದಳು. ಬಾಗಿಲಿಗೆ ಬಂದವಳು ಬಾಲೆ ಕಾಣಿರಿ ಬೀಗ್ರೆ… ‘ಹೇಳಿಕೊಡಿರವ್ವ ಮಗಳಂಗೆ’ ಎಂಬಲ್ಲಿಗೆ ಬಂದು ರಾಗ ಮೇಲೆ ಹತ್ತಿ ನಿಂತಿತು. ದೊಡ್ಡಮ್ಮ ತಲೆ ತಗ್ಗಿಸಿದಳು.

ಆಗ ಎದುರಿನ ಸಾಲಿನಲ್ಲಿ ಎಲೆಯಡಿಕೆ ಮೆಲ್ಲುತ್ತಾ ಕೂತಿದ್ದ ಹುಡುಗನ ಅಜ್ಜಿ ಎದ್ದರು. ಎಲೆಯಡಿಕೆಯನ್ನು ಒಂದು ದವಡೆಗೆ ಒತ್ತರಿಸಿಕೊಂಡು, ಅದೇ ರಾಗವನ್ನು ಮೇಲಿನಿಂದ ಹಿಡಿದು ಕೆಳಗಿಳಿಸಿದರು:

ಕೊಟ್ಟೋರು ಅಳಬ್ಯಾಡಿ ಕಣ್ಣೀರ ಒರೆಸ್ಕೊಳ್ಳಿ
ಹಾಲುಕ್ಕಿದರೆ ಒಲೆಗೆ ಹಬ್ಬವವ್ವ
ಬಾಗಿಲಿಗೆ ಬಂದವಳು ಸೊಸೆಯಲ್ಲ ನಮಗವಳು
ತಡವಾಗಿ ಬಂದ ಮನೆಮಗಳವ್ವ

ದೊಡ್ಡಮ್ಮನಿಗೆ ಮೊದಲು ಬಂದದ್ದು ಕೋಪ. “ನಮ್ಮ ಪದ ನಿಮಗೆಂಗೆ ಬಂತು?” ಎಂದಳು.

“ನಿಮ್ಮದು ನಿಮ್ಮತ್ರನೇ ಅದಲ್ಲ ಬೀಗ್ತಿ. ಇದು ನಮ್ಮದು” ಎಂದು ಅಜ್ಜಿ ನಕ್ಕರು. “ಎಣ್ಣಿನೋರು ಕೇಳ್ಬೇಕು, ಗಂಡಿನೋರು ಜವಾಬು ಏಳ್ಬೇಕು. ಜವಾಬು ಏಳಾಗಂಟ ಎಣ್ಣಿನೋರು ಕಾಯ್ತಾರೆ. ನಿಮ್ಮ ಮದ್ವೇಲಿ ಯಾರೂ ಏಳ್ನಿಲ್ವಾ?”

ದೊಡ್ಡಮ್ಮ ಯಾರಿಗೆಂದಿಲ್ಲದೆ, “ಅವ್ವ ಮರ್ತಿರ್ನಿಲ್ಲ. ಕಾಯ್ತಾ ನಿಂತಿದ್ಲು” ಎಂದಳು.

ಆಗ ಹಿಂದಿನಿಂದ ದೊಡ್ಡಪ್ಪ ಮುಂದೆ ಬಂದರು. ಮಾತಾಡುವುದನ್ನೇ ಮರೆತಿದ್ದ ಮನುಷ್ಯ. ಹೆಗಲ ಮೇಲಿನ ಟವಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡು, “ನಮ್ಮ ಚಿಕ್ಕಪ್ಪಂಗೆ ಪಾಯ್ಸ ಬಡಿಸ್ನಿಲ್ಲ ಅಂತ ಜಗ್ಳ ಆಗಿತ್ತು ಅವತ್ತು. ನಮ್ಮವ್ವ, ನಮ್ಮತ್ತೇರು ಎಲ್ಲ ಮುನಿಸ್ಕಂಡು ಮುಂಚೇನೇ ಗಾಡಿ ಅತ್ಬುಟ್ಟಿದ್ರು. ಜವಾಬು ಏಳಾಕೆ ಯಾರೂ ಇರ್ನಿಲ್ಲ” ಎಂದರು. ಆಮೇಲೆ ಹುಡುಗನ ಅಜ್ಜಿಯ ಕಡೆ ತಿರುಗಿ, “ನಂಗೆ ಪದ ಬರಾಕಿಲ್ಲ ತಾಯಿ. ನೀವು ಏಳ್ಕೊಡಿ. ನಮ್ಮ ಕಡೆಯೋರು ಈಗ ನಾನೊಬ್ನೇ ಉಳ್ದಿರೋದು” ಎಂದು ಕೈ ಮುಗಿದರು.

ಅಜ್ಜಿ ದೊಡ್ಡಮ್ಮನ ಭುಜ ಹಿಡಿದು ಹಸೆಯ ಮೇಲೆ ಕೂರಿಸಿದರು. ನನ್ನ ಮಗಳು ಸರಿದು ಜಾಗ ಬಿಟ್ಟಳು. ಅಜ್ಜಿ ಒಂದೊಂದೇ ಸಾಲು ಹೇಳಿಕೊಟ್ಟರು, ದೊಡ್ಡಪ್ಪ ಒಂದೊಂದೇ ಸಾಲು ಹೇಳಿದರು. ರಾಗವೂ ಇರಲಿಲ್ಲ, ತಾಳವೂ ಇರಲಿಲ್ಲ. ‘ತಡವಾಗಿ ಬಂದ ಮನೆಮಗಳವ್ವ’ ಎನ್ನುವಾಗ ಮಧ್ಯದಲ್ಲೇ ತಡವರಿಸಿದರು. ಆ ಸಾಲನ್ನು ಮತ್ತೆ ಮೊದಲಿನಿಂದ ಹೇಳಿ ಮುಗಿಸಿದರು. ನಾನು ಹೆಣ್ಣಿನ ತಂದೆ, ಅಳಬಾರದೆಂದು ಬೆಳಗಿನಿಂದ ಗಟ್ಟಿಯಾಗಿದ್ದವನು. ಆಮೇಲೆ ಆಗಲಿಲ್ಲ. ಅತ್ತುಬಿಟ್ಟೆ.

ದೊಡ್ಡಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ನನ್ನ ಮಗಳ ಕೈಯನ್ನು ತೆಗೆದು ನುಗ್ಗೇಹಳ್ಳಿಯ ಅಜ್ಜಿಯ ಕೈಯಲ್ಲಿಟ್ಟಳು.

“ಈಗ ಕರ್ಕಂಡೋಗಿ” ಎಂದಳು.